ಬಣ್ಣದಕ್ಕನ ಮನೆಯ ಬಾಗಿಲು

ಪೇಟೆಬೀದಿಯ ದಾರದಂಗಡಿಯ ಹೆಂಗಸಿಗೆ ಬಣ್ಣದಕ್ಕ ಎಂಬ ಹೆಸರನ್ನು ಯಾವ ಪುಣ್ಯಾತ್ಮ ಇಟ್ಟನೋ ಗೊತ್ತಿಲ್ಲ. ಇಟ್ಟದ್ದು ಅಂಟಿಕೊಂಡುಬಿಟ್ಟಿತು. ಅಂಗಡಿಯ ಯಜಮಾನರಿಗೇ ಈಗ ಅವಳ ನಿಜವಾದ ಹೆಸರು ತಟಕ್ಕನೆ ನೆನಪಾಗುವುದಿಲ್ಲ. ದಾರ, ಗುಂಡಿ, ಝಿಪ್ಪು, ಲೈನಿಂಗ್ ಬಟ್ಟೆ ಮಾರುವ ಅಂಗಡಿ ಅದು. ನೆಲದಿಂದ ಸೂರಿನವರೆಗೆ ದಾರದ ರೀಲುಗಳು. ದರ್ಜಿಗಳು ಬಟ್ಟೆಯ ಚೂರು ತಂದು ಕೌಂಟರಿನ ಮೇಲೆ ಒಗೆಯುತ್ತಾರೆ. ಬೇರೆಯವರಾದರೆ ನಾಲ್ಕಾರು ರೀಲು ಇಳಿಸಿ, ಬಾಗಿಲ ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, "ಇದು ಆಗಬಹುದೇನೋ" ಎನ್ನುತ್ತಾರೆ. ಬಣ್ಣದಕ್ಕ ಚೂರನ್ನು ಒಂದು ಸಲ ನೋಡುತ್ತಾಳೆ, ಗಿರಾಕಿಯ ಜೊತೆ ಹರಟುತ್ತಲೇ ಹಿಂದಕ್ಕೆ ಕೈ ಚಾಚುತ್ತಾಳೆ. ಕೈಗೆ ಬಂದ ರೀಲು ಅದೇ ಬಣ್ಣದ್ದು. ಅಳತೆಯಿಲ್ಲ, ಅನುಮಾನವಿಲ್ಲ.

"ದಾರ ಬಟ್ಟೇಲಿ ಕಾಣಬಾರದು ಕಣ್ರೀ. ಕಂಡ್ರೆ ಅದು ಹೊಲಿಗೆ ಅಲ್ಲ, ಗಾಯ," ಎನ್ನುವುದು ಅವಳ ಮಾತು. ಬಂದವರಿಗೆಲ್ಲ ಇದನ್ನೇ ಹೇಳುತ್ತಾಳೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ದರ್ಜಿಗಳು ಬೆನ್ನ ಹಿಂದೆ ನಗುತ್ತಾರೆ. ನಕ್ಕವರೇ ನಾಳೆ ಚೂರು ಹಿಡಿದು ಅವಳ ಮುಂದೆ ನಿಲ್ಲುತ್ತಾರೆ.

ಇಂಥ ಕಣ್ಣಿರುವವಳಿಗೆ ಜಂಬ ಬಾರದೆ ಇರುತ್ತದೆಯೇ? ಬಂತು, ಧಾರಾಳವಾಗಿಯೇ ಬಂತು. ಪರದೆ ಕೊಳ್ಳುವವರು ಅವಳನ್ನು ಕೇಳಿದರು, ಸೋಫಾದ ಹೊದಿಕೆ ಹೊಲಿಸುವವರು ಕೇಳಿದರು, ಮದುವೆಗೆ ಬಟ್ಟೆ ತೆಗೆಯುವವರು ಜೊತೆಗೆ ಕರೆದುಕೊಂಡು ಹೋದರು. ಯಾರದೋ ಮನೆಗೆ ಹೋದರೆ ಕುಳಿತ ಕುರ್ಚಿಯಿಂದಲೇ ಗೋಡೆ ನೋಡಿ ಮೂಗು ಮುರಿಯುವ ಚಾಳಿಯೂ ಬಂತು. ಆದರೆ ದೀಪದ ಬುಡದಲ್ಲೇ ಕತ್ತಲೆ. ಅವಳ ಸ್ವಂತ ಮನೆ ಹೇಗಿತ್ತು ಅಂತೀರಾ, ದೇವರಿಗೇ ಪ್ರೀತಿ.

ಆ ಮನೆಗೆ ಬಣ್ಣ ಬಳಿದದ್ದು ತೀರಿಹೋದ ಮಾವ. ಎಲ್ಲೆಲ್ಲಿ ಯಾವ ಡಬ್ಬಿ ಅಗ್ಗಕ್ಕೆ ಸಿಕ್ಕಿತೋ ಅದನ್ನೆಲ್ಲ ತಂದು ಸ್ವಂತ ಕೈಯಲ್ಲಿ ಬಳಿದಿದ್ದರು. ಹಾಲಿಗೆ ಹಳದಿ, ಅಡುಗೆಮನೆಗೆ ಗುಲಾಬಿ, ರೂಮುಗಳಿಗೆ ಪಾಚಿಹಸಿರು. ಬಾಗಿಲುಗಳಿಗೆ ಮತ್ತು ಚೌಕಟ್ಟುಗಳಿಗೆ ಮಾತ್ರ ಎಲ್ಲ ಕಡೆಯೂ ಒಂದೇ, ಗಾಢವಾದ, ಹೊಳೆಯುವ ನೀಲಿ ಎಣ್ಣೆಬಣ್ಣ. ಬಣ್ಣದಕ್ಕ ಸೊಸೆಯಾಗಿ ಬಂದ ದಿನವೇ ಅದನ್ನು ನೋಡಿ, ಇದೇನು ಮನೆಯೋ ಸರ್ಕಸ್ಸಿನ ಡೇರೆಯೋ ಅಂದುಕೊಂಡಿದ್ದಳು. ಮಾವ ಇರುವವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ಅತ್ತೆಯ ಮುಖ ನೋಡಿ ಸುಮ್ಮನಿದ್ದಳು.

ಅತ್ತೆಯ ಬಗ್ಗೆಯೂ ಎರಡು ಮಾತು ಹೇಳಬೇಕು. ಅವರು ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿ ದುಡಿದು ನಿವೃತ್ತರಾದವರು. ಯಾರ್ಯಾರದೋ ಮಲ ಮೂತ್ರ ಬಳಿದು, ಹಾಸಿಗೆ ಬದಲಿಸಿ, ಬೈಸಿಕೊಂಡು, ಒಂದು ದಿನವೂ ಅಸಹ್ಯ ಪಡಲಿಲ್ಲವಂತೆ. ಆದರೆ ತಮ್ಮದನ್ನು ಇನ್ನೊಬ್ಬರು ಮುಟ್ಟಲು ಬಿಟ್ಟವರಲ್ಲ. ಜ್ವರ ಬಂದು ಮಲಗಿದಾಗಲೂ ತಮ್ಮ ಬಟ್ಟೆ ತಾವೇ ಒಗೆದುಕೊಂಡರು. ಮಾತು ಕಡಿಮೆ, ಹಟ ಜಾಸ್ತಿ. ಅತ್ತೆ ಸೊಸೆ ಇಬ್ಬರೂ ಒಬ್ಬರ ತಂಟೆಗೆ ಒಬ್ಬರು ಹೋಗದೆ ಸಂಸಾರ ಚೆನ್ನಾಗಿಯೇ ನಡೆದಿತ್ತು. ನಡುವೆ ಗಂಡ ಒಬ್ಬ, ಸಿಟಿ ಬಸ್ಸಿನ ಡ್ರೈವರು. ದಿನವಿಡೀ ಹಾರನ್ನು ಕೇಳಿ ಕೇಳಿ ಮನೆಯಲ್ಲಿ ಯಾರು ಏನಂದರೂ "ಹೂಂ" ಎನ್ನುವುದನ್ನು ಕಲಿತಿದ್ದ.

ಕಿಡಿ ಹೊತ್ತಿಸಿದವಳು ನಾದಿನಿ. ಅವಳು ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಹೋಗಿ ಬಂದ ಬಣ್ಣದಕ್ಕನಿಗೆ ಊಟ ರುಚಿಸಲಿಲ್ಲ. ಆ ಮನೆಯ ಗೋಡೆಗಳು ಕೆಟ್ಟದಾಗಿದ್ದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಚೆನ್ನಾಗಿದ್ದವು. ಅದೇ ಕಷ್ಟವಾದದ್ದು.

"ಊರಿನವರಿಗೆಲ್ಲ ಬಣ್ಣ ಹೇಳೋಳು ನಾನು. ನನ್ನ ಮನೆಗೆ ಯಾರಾದ್ರೂ ಬಂದ್ರೆ ಕಣ್ಣು ಮುಚ್ಕೊಂಡು ಕೂತ್ಕೋಬೇಕು. ನಾಚಿಕೆ ಆಗಲ್ವಾ ನಂಗೆ?" ಎಂದು ಗಂಡನ ಮುಂದೆ ಹಟ ಹಿಡಿದಳು. ಗಂಡ "ಹೂಂ" ಅಂದ. ಆ ಒಂದು ಹೂಂ ಸಾಕಾಯಿತು.

ಬಣ್ಣ ಆರಿಸಿದ್ದನ್ನು ನೋಡಬೇಕಿತ್ತು ನೀವು. ಹಾಲಿನ ಹಳದಿ ಗೋಡೆಯ ಮೇಲೆ ಅಂಗೈಯಗಲದ ತೇಪೆಗಳನ್ನು ಬಳಿಸಿದಳು. ಬೆಳಿಗ್ಗೆ ಕಾಫಿ ಕುಡಿಯುತ್ತ ನೋಡುವುದು, ಸಂಜೆ ಅಂಗಡಿಯಿಂದ ಬಂದು ಚಪ್ಪಲಿ ಬಿಡದೆ ನೋಡುವುದು, ದೀಪ ಹಾಕಿ ನೋಡುವುದು, ಆರಿಸಿ ನೋಡುವುದು. ಒಂದು ಬಿಳಿ ತೀರಾ ಆಸ್ಪತ್ರೆ. ಒಂದು ಕೆನೆ ಹಳಸಿದ ಹಾಲಿನ ಹಾಗೆ. ಒಂದು ಬೂದಿ ಬಣ್ಣ ಸೂತಕದ ಮನೆಗೆ ಸರಿ. ಕೊನೆಗೆ ಒಂದು ಸಿಕ್ಕಿತು. ಬೆಳ್ಳುಳ್ಳಿ ಎಸಳಿನ ಒಳಸಿಪ್ಪೆಯ ಬಣ್ಣ. ಬಿಳಿಯೂ ಅಲ್ಲ, ಕೆನೆಯೂ ಅಲ್ಲ. ಅದನ್ನು ಕಂಡಾಗ ಬಣ್ಣದಕ್ಕನ ಕಣ್ಣಲ್ಲಿ ನೀರೇ ಬಂತು.

"ಎಲ್ಲಾ ರೂಮಿಗೂ ಇದೇ," ಅಂದಳು ಪೇಂಟರಿಗೆ. "ಗೋಡೆ, ಬಾಗಿಲು, ಚೌಕಟ್ಟು, ಸ್ವಿಚ್ಚಿನ ಹಲಗೆ, ಎಲ್ಲಾ ಇದೇ. ಬಾಗಿಲು ಗೋಡೇಲಿ ಕರಗಿ ಹೋಗಬೇಕು. ಎಲ್ಲಿದೆ ಅಂತ ಗೊತ್ತಾಗಬಾರದು."

"ನೀವು ಹೇಳಿದ ಮೇಲೆ ಮುಗೀತು ಅಕ್ಕ. ನಿಮಗಿಂತ ಹೆಚ್ಚಿಗೆ ನಂಗೇನು ಗೊತ್ತು?" ಎಂದ ಪೇಂಟರು. ಹೊಗಳಿಕೆಯಲ್ಲಿ ಅವನು ಜಿಪುಣನಲ್ಲ.

ದಾರದ ನಿಯಮವನ್ನು ಅವಳು ಗೋಡೆಗೆ ತಂದಿದ್ದಳು. ಬಾಗಿಲಿನ ಹೊರಚಾಚಿದ ಹಿತ್ತಾಳೆ ಹಿಡಿಗಳನ್ನೂ ಕೀಳಿಸಿ, ಮರದೊಳಗೆ ಹುದುಗುವ ಹಿಡಿ ಹಾಕಿಸಿದಳು. ಹೊರಕ್ಕೆ ಕಾಣುವುದು ಕೀಲಿ ಹಾಕುವ ಸಣ್ಣ ತೂತು ಮಾತ್ರ.

ಅತ್ತೆ ಒಂದೇ ಒಂದು ಸಲ ಬಾಯಿ ಬಿಟ್ಟರು. ಅವರ ರೂಮಿನ ಬಾಗಿಲನ್ನು ಪೇಂಟರು ಉಜ್ಜುವಾಗ ಬಂದು ನಿಂತು, "ಗೋಡೆಗೆ ಏನಾದ್ರೂ ಬಳ್ಕೋ. ಬಾಗಿಲಿಗೆ ನೀಲಿ ಇರಲಿ ಬಿಡೇ," ಅಂದರು.

"ಅತ್ತೆ, ಆ ನೀಲಿ ಕಣ್ಣಿಗೆ ಹೊಡೆಯುತ್ತೆ."

"ಹೊಡೀಲಿ ಬಿಡು. ಇರಲಿ."

ಬಣ್ಣದಕ್ಕನಿಗೆ ಸಿಟ್ಟು ನೆತ್ತಿಗೇರಿತು. ಪೇಂಟರ ಎದುರಿಗೇ ಅಂದುಬಿಟ್ಟಳು: "ನಿಮಗೆ ಆಸ್ಪತ್ರೆ ಗೋಡೆ ಬಿಟ್ರೆ ಬಣ್ಣದ ವಿಷಯ ಏನು ಗೊತ್ತು ಅತ್ತೆ? ಸುಮ್ಮನೆ ಇದ್ದುಬಿಡಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಒಳಗೆ ಹೋದರು. ಪೇಂಟರು ಉಜ್ಜುವ ಕಾಗದವನ್ನು ಮಡಚಿ ಮತ್ತೆ ಉಜ್ಜತೊಡಗಿದ.

ಮನೆ ಮುಗಿದಾಗ ಬೀದಿಯೇ ನೋಡಲು ಬಂತು. ಅಂಗಡಿಗೆ ಬರುವ ದರ್ಜಿಯೊಬ್ಬನ ಹೆಂಡತಿ ಪ್ಯಾಸೇಜಿನಲ್ಲಿ ನಿಂತು, "ಬಣ್ಣದಕ್ಕ, ಬಚ್ಚಲ ಬಾಗಿಲು ಎಲ್ಲಿ ಅಡಗಿಸಿಟ್ಟಿದೀರಿ? ಹುಡುಕಿದ್ರೂ ಸಿಗ್ತಿಲ್ಲ!" ಎಂದು ನಕ್ಕಳು. ಬಣ್ಣದಕ್ಕ ಹಿಗ್ಗಿ ಹೀರೇಕಾಯಿಯಾದಳು. ಹಾಲಿನಿಂದ ಹಿಂದಕ್ಕೆ ಹೋಗುವ ಆ ಪ್ಯಾಸೇಜಿನ ಒಂದೇ ಮಗ್ಗುಲಲ್ಲಿ ಸಾಲಾಗಿ ಮೂರು ಬಾಗಿಲುಗಳು: ಅತ್ತೆಯ ರೂಮು, ಸಾಮಾನಿನ ಕೋಣೆ, ಬಚ್ಚಲು. ಈಗ ನೋಡಿದರೆ ಉದ್ದಕ್ಕೂ ಒಂದೇ ಗೋಡೆ. ಅವಳ ಜೀವನದಲ್ಲಿ ಅಷ್ಟು ಚೆನ್ನಾಗಿ ಹೊಂದಿಸಿದ್ದು ಇನ್ನೊಂದಿರಲಿಲ್ಲ.

ಒಂದು ವಾರ ಕಳೆದಿರಲಿಲ್ಲ, ಗೋಡೆಯ ಮೇಲೆ ಕೈ ಗುರುತು. ಎದೆಯೆತ್ತರದಲ್ಲಿ, ಪ್ಯಾಸೇಜಿನ ಉದ್ದಕ್ಕೂ, ಬೆರಳು ಎಳೆದ ಮಾಸಲು ಗೆರೆಗಳು. ಒರೆಸಿದಳು. ಮಾರನೆಯ ದಿನ ಮತ್ತೆ ಬಂತು. ಯಾರ ಕೈ ಎಂದು ಪತ್ತೆ ಹಚ್ಚುವುದು ಕಷ್ಟವಾಗಲಿಲ್ಲ.

"ಅತ್ತೆ, ಗೋಡೆ ಮುಟ್ಟಬೇಡಿ ಅಂತ ಎಷ್ಟು ಸಲ ಹೇಳಲಿ? ಚಿಕ್ಕ ಮಕ್ಕಳಿಗಾದ್ರೂ ಹೇಳಿದ್ರೆ ಅರ್ಥ ಆಗುತ್ತೆ."

"ಕೈ ತೊಳ್ಕೊಂಡಿದೀನಲ್ಲೇ," ಎಂದರು ಅತ್ತೆ. ಅಂದಿನಿಂದ ಎದ್ದು ಹೊರಡುವ ಮೊದಲು ಕೈಯನ್ನು ಒದ್ದೆ ಬಟ್ಟೆಗೆ ಉಜ್ಜಿ ಉಜ್ಜಿ ಒರೆಸಿಕೊಳ್ಳತೊಡಗಿದರು. ಒದ್ದೆ ಕೈಯ ಗುರುತು ಇನ್ನೂ ಹೆಚ್ಚಾಗಿ ಮೂಡಿತು.

ಆಮೇಲೆ ಅತ್ತೆ ರೂಮು ಬಿಟ್ಟು ಹೊರಗೆ ಬರುವುದೇ ಕಡಿಮೆಯಾಯಿತು. ಮಧ್ಯಾಹ್ನದ ಕಾಫಿ ಬೇಡ ಎಂದರು. ಊಟದ ಜೊತೆ ಇಟ್ಟ ನೀರು ಹಾಗೇ ಉಳಿಯುತ್ತಿತ್ತು. "ಮುನಿಸು," ಎಂದು ತೀರ್ಮಾನಿಸಿದಳು ಬಣ್ಣದಕ್ಕ. ಅಂಗಡಿಯಲ್ಲಿ ಅದನ್ನೇ ಕಥೆ ಮಾಡಿ ಹೇಳಿದಳು: "ನೀಲಿ ಬಾಗಿಲು ಹೋಯ್ತು ಅಂತ ನಮ್ಮತ್ತೆ ನೀರೂ ಬಿಟ್ಟಿದಾರೆ ಕಣ್ರೀ, ಉಪವಾಸ ಸತ್ಯಾಗ್ರಹ!" ದರ್ಜಿಗಳು ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು.

ನಾದಿನಿ ಮನೆ ನೋಡಲು ಬಂದದ್ದು ಒಂದು ರಜಾದಿನದ ಮಧ್ಯಾಹ್ನ. ಜೊತೆಗೆ ತನ್ನ ಓರಗಿತ್ತಿಯನ್ನೂ ಕರೆತಂದಿದ್ದಳು. ಗಂಡ ಡ್ಯೂಟಿಗೆ ಹೋಗಿದ್ದ. ಬಣ್ಣದಕ್ಕ ಬೆಳಿಗ್ಗೆಯಿಂದಲೇ ಗೋಡೆ ಒರೆಸಿ, ಹೆಚ್ಚಿಗೆ ಕುರ್ಚಿಗಳನ್ನು ತಂದು ಹಾಲಿನಲ್ಲಿ ಜೋಡಿಸಿದ್ದಳು. ಅತ್ತೆಯೂ ಬಂದು ಮಗಳ ಪಕ್ಕ ಕುಳಿತರು. ಮಗಳು ಬಲವಂತ ಮಾಡಿದ್ದರಿಂದ ಆ ದಿನ ಕಾಫಿಯನ್ನೂ ಕುಡಿದರು.

"ಅತ್ತಿಗೆ, ಚೆನ್ನಾಗಿದೆ ಅಂತ ಒಪ್ಕೊಳ್ಳಲೇಬೇಕು," ಅಂದಳು ನಾದಿನಿ. ಆ ಒಂದು ಮಾತಿಗಾಗಿ ತಿಂಗಳುಗಟ್ಟಲೆ ಕಾದವಳ ಹಾಗೆ ಬಣ್ಣದಕ್ಕ ಸೆರಗು ಸರಿಮಾಡಿಕೊಂಡಳು.

ಸ್ವಲ್ಪ ಹೊತ್ತಿಗೆ ಅತ್ತೆ ಎದ್ದರು. ಪ್ಯಾಸೇಜಿಗೆ ಹೋಗಿ ಎಂದಿನಂತೆ ಗೋಡೆಗೆ ಕೈಯಾನಿಸಿ ಮೆಲ್ಲಗೆ ನಡೆದರು. ಹಾಲಿನಲ್ಲಿ ಕುಳಿತವರಿಗೆ ಅದು ಪೂರ್ತಿ ಕಾಣುತ್ತಿತ್ತು. ಬಣ್ಣದಕ್ಕನಿಗೆ ಕಂಡದ್ದು ಬೆಳಿಗ್ಗೆ ಒರೆಸಿದ ಗೋಡೆಯ ಮೇಲೆ ಜಾರುತ್ತಿರುವ ಬೆರಳು ಮಾತ್ರ.

"ಅತ್ತೇ! ಗೋಡೆ ಬಿಡಿ! ಈಗಷ್ಟೇ ಒರೆಸಿದೀನಿ!" ಎಂದು ಕೂಗಿದಳು. ಕೂಗಿ, ಬಂದವರ ಕಡೆ ತಿರುಗಿ, "ನಮ್ಮನೇಲಿ ಮಕ್ಕಳಿಲ್ಲದ ಕೊರತೆ ಇವರೇ ನೀಗಿಸ್ತಾರೆ," ಅಂದಳು. ಎಲ್ಲರೂ ನಕ್ಕರು. ಮಗಳೂ ನಕ್ಕಳು.

ಅತ್ತೆ ಕೈ ತೆಗೆದರು. ಎರಡೂ ಕೈಗಳನ್ನು ಮಗ್ಗುಲಿಗೆ ಇಳಿಬಿಟ್ಟು ನಿಂತರು. ಎರಡು ಹೆಜ್ಜೆ ಮುಂದೆ ಹೋಗಿ ನಿಂತರು, ಒಂದು ಹೆಜ್ಜೆ ಹಿಂದೆ ಬಂದು ನಿಂತರು, ಗೋಡೆಗೆ ಮುಖ ಮಾಡಿ ತಲೆಯನ್ನು ಆಚೆ ಈಚೆ ಆಡಿಸಿದರು. ಬಚ್ಚಲ ಬಾಗಿಲು ಅವರ ಬಲಗೈಯ ಪಕ್ಕದಲ್ಲೇ ಇತ್ತು. ಕೈ ಚಾಚಿದ್ದರೆ ಸಿಗುತ್ತಿತ್ತು. ಚಾಚಲಿಲ್ಲ, ಗೋಡೆ ಮುಟ್ಟಬೇಡಿ ಎಂದಿದ್ದಳಲ್ಲ ಸೊಸೆ. ಆಮೇಲೆ ಅವರ ಕಾಲ ಕೆಳಗೆ ನೆಲ ಒದ್ದೆಯಾಗತೊಡಗಿತು.

ಅತ್ತೆ ಗೋಡೆಯ ಕಡೆಗೇ ಮುಖ ಮಾಡಿಕೊಂಡು, "ನೀರು ಚೆಲ್ತು," ಅಂದರು. ಅವರ ಕೈಯಲ್ಲಿ ಲೋಟವಿರಲಿಲ್ಲ, ತಂಬಿಗೆಯಿರಲಿಲ್ಲ.

ಬಣ್ಣದಕ್ಕನಿಗೆ ಆ ಕ್ಷಣಕ್ಕೇ ಎಲ್ಲ ತಿಳಿಯಿತು. ತಿಳಿಯಲಿಲ್ಲ ಎಂದು ಅವಳು ಯಾರ ಮುಂದೆಯೂ ಆಣೆ ಮಾಡಲಾರಳು. ಕೈ ಗುರುತು, ಬಿಟ್ಟ ಕಾಫಿ, ಉಳಿದ ನೀರು, ನೀಲಿ ಇರಲಿ ಎಂದದ್ದು, ಎಲ್ಲ ಒಟ್ಟಿಗೆ ತಿಳಿಯಿತು. ತಿಳಿದೂ ಅವಳ ಬಾಯಿಂದ ಬಂದ ಮಾತು ಇದು: "ವಯಸ್ಸಾಯ್ತಲ್ಲ ಪಾಪ. ಈಚೆಗೆ ಸ್ವಲ್ಪ ಹಿಂಗೇ ಆಗ್ತಿದೆ."

ಈಚೆಗೆ ಹಾಗೇನೂ ಆಗಿರಲಿಲ್ಲ. ಅದು ಮೊದಲನೆಯ ಸಲ. ಎರಡು ಗಳಿಗೆಯ ಹಿಂದೆ ಹೊಗಳಿಸಿಕೊಂಡ ಗೋಡೆಯನ್ನು ಉಳಿಸಿಕೊಳ್ಳಲು ಒಂದು ಜೀವದ ಮಾನವನ್ನು ಅವಳು ಬೀದಿಗೆ ಬಿಟ್ಟಳು. ಇದಕ್ಕೆ ಬೇರೆ ಹೆಸರಿಲ್ಲ.

ಬಂದವರು ಬೇಗ ಎದ್ದರು. ನಾದಿನಿ ಚಪ್ಪಲಿ ಹಾಕಿಕೊಳ್ಳುತ್ತ, "ಅಮ್ಮಂಗೆ ಹಿಡಿತ ತಪ್ಪಿದೆ ಅಂತ ಮೊದಲೇ ಹೇಳಬಾರದಿತ್ತಾ ಅತ್ತಿಗೆ? ಅದಕ್ಕೆಲ್ಲ ಏನೇನೋ ಬಂದಿದೆ ಈಗ, ನಾನು ತಂದ್ಕೊಡ್ತೀನಿ," ಎಂದು ಪಿಸುಗುಟ್ಟಿದಳು. ಓರಗಿತ್ತಿ ಲೊಚಗುಟ್ಟಿದಳು. ಬಣ್ಣದಕ್ಕ ಇಬ್ಬರಿಗೂ ತಲೆಯಾಡಿಸಿ ಬಾಗಿಲು ಹಾಕಿದಳು.

ಒಳಗೆ ಬಂದರೆ ಅತ್ತೆ ಪ್ಯಾಸೇಜಿನ ನೆಲದ ಮೇಲೆ ಮೊಣಕಾಲೂರಿ ಒರೆಸುತ್ತಿದ್ದರು. ಅವಳು ಬಟ್ಟೆ ಕಿತ್ತುಕೊಳ್ಳಲು ಹೋದಳು. ಅತ್ತೆ ಬಿಡಲಿಲ್ಲ.

"ನಂದು ನಾನೇ ಒರೆಸ್ತೀನಿ."

"ಅತ್ತೆ... ಕಣ್ಣು ಕಾಣಿಸ್ತಿಲ್ವಾ ನಿಮಗೆ?"

"ಕಾಣುತ್ತೆ," ಅಂದರು ಅತ್ತೆ ಸಿಟ್ಟಿನಿಂದ. ಬಟ್ಟೆ ಹಿಂಡುತ್ತ, "ನೀಲಿ ಕಾಣ್ತಿತ್ತು," ಅಂದರು.

ಬಣ್ಣದಕ್ಕ ಅಲ್ಲೇ ಒದ್ದೆ ನೆಲದ ಪಕ್ಕ ಕುಕ್ಕರಿಸಿದಳು. ನೆಲವಾದರೂ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಯಾಕೆ ನುಂಗೀತು, ಅದಕ್ಕೇನು ಕರ್ಮ? "ಹೇಳಬಾರದಿತ್ತಾ ಅತ್ತೆ ನಂಗೆ?" ಎಂದಳು.

"ಹೇಳಿದ್ನಲ್ಲ."

ಹೌದು, ಹೇಳಿದ್ದರು.

ಆಮೇಲೆ ಬಿಡಿಬಿಡಿಯಾಗಿ ವಿಷಯ ಹೊರಗೆ ಬಂತು. ಅತ್ತೆ ತಾವು ಕೆಲಸ ಮಾಡಿದ ಆಸ್ಪತ್ರೆಗೇ ಗುಟ್ಟಾಗಿ ಹೋಗಿ ತೋರಿಸಿಕೊಂಡಿದ್ದರು. ಕಣ್ಣಿನ ಹಿಂಭಾಗ ಸವೆದಿದೆ, ಕನ್ನಡಕಕ್ಕೂ ಆಪರೇಶನ್ನಿಗೂ ಬಗ್ಗುವಂಥದ್ದಲ್ಲ ಎಂದಿದ್ದರಂತೆ ಡಾಕ್ಟರು. ಗಾಢವಾದದ್ದು ಕಾಣುತ್ತದೆ, ತೆಳುವಾದದ್ದು ಒಂದರೊಳಗೊಂದು ಕಲೆಸಿ ಹೋಗುತ್ತದೆ. ಹಳದಿ ಗೋಡೆಯಲ್ಲಿ ನೀಲಿ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ಅದನ್ನು ನಂಬಿಕೊಂಡು ಯಾರಿಗೂ ತಿಳಿಯದ ಹಾಗೆ ಓಡಾಡಿಕೊಂಡಿದ್ದರು.

"ನನ್ನ ಮಗನಿಗೆ ಹೇಳಬೇಡ. ಮಗಳಿಗಂತೂ ಬೇಡವೇ ಬೇಡ," ಅಂದರು ಅತ್ತೆ. "ವಾರ್ಡಲ್ಲಿ ನೋಡಿದೀನಿ ನಾನು. ಕಣ್ಣು ಹೋಯ್ತು ಅಂತ ಗೊತ್ತಾದ್ರೆ ಸಾಕು, ಕಿವಿನೂ ಹೋಗಿದೆ, ಬುದ್ಧಿನೂ ಹೋಗಿದೆ ಅನ್ನೋ ಥರ ತಲೆ ಮೇಲಿಂದ ಮಾತಾಡ್ತಾರೆ. ಉಚ್ಚೆ ಹೊಯ್ಕೊಂಡ್ಳು ಅಂತ ಬೇಕಾದ್ರೆ ಅಂದ್ಕೊಳ್ಳಲಿ. ಕಣ್ಣಿನ ವಿಷಯ ಬೇಡ. ಮಾತು ಕೊಡು."

ಬಣ್ಣದಕ್ಕ ಮಾತು ಕೊಟ್ಟಳು. ಕೊಡದೆ ಇರಲು ಅವಳಿಗೆ ಯಾವ ಮುಖವಿತ್ತು?

ಮಾರನೆಯ ದಿನ ಅಂಗಡಿಗೆ ರಜೆ ಹಾಕಿ, ಅಂಥದ್ದೇ ಗಾಢ ನೀಲಿ ಎಣ್ಣೆಬಣ್ಣ ತಂದು, ತಾನೇ ಕುಂಚ ಹಿಡಿದು ಮನೆಯ ಅಷ್ಟೂ ಬಾಗಿಲಿಗೆ, ಚೌಕಟ್ಟಿಗೆ ಬಳಿದಳು. ದಾರದ ಕೈಗೆ ಕುಂಚ ಬಗ್ಗಲಿಲ್ಲ. ಬೆಳ್ಳುಳ್ಳಿ ಬಣ್ಣದ ಗೋಡೆಯ ಮೇಲೆಲ್ಲ ನೀಲಿ ಹನಿಗಳು ಇಳಿದವು. ಹಿತ್ತಾಳೆ ಹಿಡಿಗಳನ್ನೂ ಹುಡುಕಿ ತೆಗೆದು ಮತ್ತೆ ಹಾಕಿಸಿದಳು. ಪೇಂಟರು ಬಂದು ನೋಡಿ, ತಲೆಯ ಮೇಲೆ ಕೈ ಹೊತ್ತು, "ಅಯ್ಯೋ ಅಕ್ಕ, ಕಣ್ಣಿಗೆ ಏನಾಯ್ತು ನಿಮಗೆ?" ಎಂದು ಗೋಳಾಡಿದ. "ಕೆಟ್ಟಿತ್ತು," ಎಂದಷ್ಟೇ ಹೇಳಿ ಹಿಡಿಯ ತಿರುಪು ಬಿಗಿಸಲು ಅವನ ಕೈಗೆ ಕೊಟ್ಟಳು.

ಅತ್ತೆ ಆ ಸಂಜೆ ಕೈ ಬೀಸಿಕೊಂಡು ಬಚ್ಚಲಿಗೆ ಹೋಗಿ ಬಂದರು. ಬಂದು ತಾವೇ ಕಾಫಿ ಕೇಳಿದರು. ಗಂಡ ಮನೆಗೆ ಬಂದು ಬಾಗಿಲುಗಳನ್ನು ನೋಡಿ ಒಂದು ಗಳಿಗೆ ನಿಂತ, "ಹೂಂ" ಅಂದ, ಕೈಕಾಲು ತೊಳೆಯಲು ಹೋದ. ಇಷ್ಟಕ್ಕೇ ಮುಗಿದಿದ್ದರೆ ಬಣ್ಣದಕ್ಕ ಅಗ್ಗದಲ್ಲಿ ಪಾರಾಗಿಬಿಡುತ್ತಿದ್ದಳು.

ಆದರೆ ಆಡಿದ ಮಾತು ಸುಮ್ಮನಿರುವುದಿಲ್ಲವಲ್ಲ. ಕೆಲವು ದಿನ ಬಿಟ್ಟು ನಾದಿನಿ ಅದೇ ಓರಗಿತ್ತಿಯ ಜೊತೆ ಬಂದಳು. ಕೈಯಲ್ಲಿ ದೊಡ್ಡ ಚೀಲ. ಚೀಲದಲ್ಲಿ ದೊಡ್ಡವರಿಗೆ ಕಟ್ಟುವ ಡೈಪರಿನ ಪೊಟ್ಟಣಗಳು. ಅವನ್ನು ತೆಗೆದು ಹಾಲಿನ ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿದಳು. ಅತ್ತೆ ಎದುರಿನ ಕುರ್ಚಿಯಲ್ಲಿ ಕುಳಿತಿದ್ದರು.

"ಹಗಲೂ ರಾತ್ರಿ ಕಟ್ಟಬೇಕು ಅತ್ತಿಗೆ. ಮೊದಮೊದಲು ಬೇಡ ಅಂತಾರೆ, ಹಟ ಮಾಡ್ತಾರೆ. ನೀವು ಬಿಡಬೇಡಿ," ಎಂದಳು ನಾದಿನಿ, ತಾಯಿಯ ತಲೆಯ ಮೇಲಿಂದ.

"ನಮ್ಮ ಚಿಕ್ಕಮ್ಮಂಗೂ ಹಿಂಗೇ ಶುರುವಾಗಿತ್ತು," ಎಂದಳು ಓರಗಿತ್ತಿ. "ಆಮೇಲೆ ಎಲ್ಲಾ ಹಾಸಿಗೇಲೇ."

ಅತ್ತೆ ಮಡಿಲಲ್ಲಿದ್ದ ಕೈಗಳನ್ನು ಒಂದರೊಳಗೊಂದು ಬಿಗಿಯಾಗಿ ಹಿಡಿದುಕೊಂಡಿದ್ದರು. ಕಣ್ಣಿನ ವಿಷಯ ಮುಚ್ಚಿಡಲು ಅವರು ಇದನ್ನೂ ಕಟ್ಟಿಸಿಕೊಳ್ಳುತ್ತಾರೆ, ಒಂದು ಮಾತೂ ಆಡದೆ ಕಟ್ಟಿಸಿಕೊಳ್ಳುತ್ತಾರೆ ಎಂಬುದು ಬಣ್ಣದಕ್ಕನಿಗೆ ಸ್ಪಷ್ಟವಾಗಿ ತಿಳಿಯಿತು. ನಿಜ ಹೇಳುವ ಹಾಗಿಲ್ಲ, ಮಾತು ಕೊಟ್ಟಿದ್ದಾಳೆ. ಸುಮ್ಮನಿರುವ ಹಾಗೂ ಇಲ್ಲ. ಕೊನೆಗೆ ಅಂದಳು:

"ಇದೆಲ್ಲ ವಾಪಸ್ ತಗೊಂಡು ಹೋಗು. ಅತ್ತೆಗೆ ಏನೂ ಆಗಿಲ್ಲ. ಆವತ್ತು ನಾನು ಬಚ್ಚಲಿಗೆ ಕೀ ಹಾಕಿದ್ದೆ."

"ಅಂದ್ರೆ?"

"ನೀವು ಬರ್ತೀರಿ ಅಂತ ಒಳಗೆಲ್ಲ ತೊಳೆದು, ಹೊಸ ಬಣ್ಣದ ಮೇಲೆ ನೀರು ಸಿಡಿಯುತ್ತೆ ಅಂತ ಕೀ ಹಾಕಿ ಇಟ್ಕೊಂಡಿದ್ದೆ. ನೀವು ಹೋಗೋವರೆಗೂ ತಡ್ಕೊಳ್ಳಿ ಅಂತ ಅತ್ತೆಗೆ ಹೇಳಿದ್ದೆ. ತಡ್ಕೊಳ್ಳೋಕೆ ಆಗಲಿಲ್ಲ. ವಯಸ್ಸು ಗಿಯಸ್ಸು ಅಂದಿದ್ದೆಲ್ಲ ಸುಳ್ಳು. ತಪ್ಪು ನಂದು."

ಇಂಥ ಸುಳ್ಳು ನಿಲ್ಲಲು ಕಾಲು ಇರಬೇಕಲ್ಲ, ಯಾರಾದರೂ ಒಬ್ಬರು ಅನುಮಾನ ಪಟ್ಟಾರು ಎಂದು ಅವಳು ಎದೆ ಗಟ್ಟಿ ಮಾಡಿಕೊಂಡಿದ್ದಳು. ಪಕ್ಕದ ಮನೆಯ ಬಚ್ಚಲು ಇರಲಿಲ್ಲವೇ ಎಂದಾರು, ಕೀ ಎಲ್ಲಿತ್ತು ಎಂದಾರು, ಛೇ, ನೀವು ಅಂಥವರಲ್ಲ ಬಿಡಿ ಎಂದಾರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ಇಬ್ಬರೂ ತಕ್ಷಣ ನಂಬಿದರು.

"ನಾನು ಆವತ್ತೇ ಅಂದ್ಕೊಂಡೆ!" ಎಂದಳು ಓರಗಿತ್ತಿ, ಕಣ್ಣರಳಿಸಿ. "ಆ ಮುದುಕಿ ಬಾಗಿಲ ಮುಂದೆ ನಿಂತ್ಕೊಂಡು ಆ ಕಡೆ ಈ ಕಡೆ ನೋಡ್ತಿದ್ದಾಗಲೇ ಅನ್ನಿಸ್ತು. ಕೀ ಹಾಕಿದಾಳೆ ಅಂತ."

ನಾದಿನಿಗೆ ಅಳು, ಸಿಟ್ಟು ಒಟ್ಟಿಗೆ ಬಂತು. "ಗೋಡೆಗೋಸ್ಕರ! ನಮ್ಮಮ್ಮಂಗೆ, ಗೋಡೆಗೋಸ್ಕರ!" ಎಂದಳು. "ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನೋದು ನಿಮ್ಮನ್ನ ನೋಡೇ ಮಾಡಿದ ಗಾದೆ ಅತ್ತಿಗೆ."

ಅತ್ತೆ ಏನೋ ಹೇಳಲು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಕಣ್ಸನ್ನೆ ಮಾಡಿ ಉಪಯೋಗವಿಲ್ಲ ಎಂದು ಬಣ್ಣದಕ್ಕ ಹೋಗಿ ಅವರ ಮಣಿಕಟ್ಟನ್ನು ಅದುಮಿ ಹಿಡಿದಳು. ಅತ್ತೆ ಅರ್ಥ ಮಾಡಿಕೊಂಡು ಹಿಂದಕ್ಕೊರಗಿದರು. "ಹೋಗ್ಲಿ ಬಿಡ್ರೇ. ಅವಳಿಗೆ ಬುದ್ಧಿ ಬಂದಿದೆ," ಅಂದರು.

ಚೀಲ ಹೊತ್ತುಕೊಂಡು ಇಬ್ಬರೂ ಹೋದ ಮೇಲೆ ಅತ್ತೆ ಕೇಳಿದರು, "ಅಷ್ಟು ದೊಡ್ಡ ಸುಳ್ಳು ಯಾಕೆ ಹೇಳಿದೆ?"

"ಚಿಕ್ಕದು ಸಾಕಾಗ್ತಿರಲಿಲ್ಲ ಅತ್ತೆ."

ಅತ್ತೆ ಅವಳ ಕೈ ಹಿಡಿದುಕೊಂಡರು. ಬಣ್ಣದಕ್ಕನಿಗೆ ಆ ಹೊತ್ತಿನಲ್ಲಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೊರಗಿನವರು ನಂಬಿದರು ಸರಿ, ಅವರಿಗೆ ನಾನೇನು ಗೊತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಮನೆಯವರು ನಂಬುವುದಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದ ಗಂಡ ನಂಬುವುದಿಲ್ಲ. ಕೇಳಿದೊಡನೆ, ಇದೇನು ಹುಚ್ಚು ಮಾತು, ನೀನು ಹಾಗೆ ಮಾಡುವವಳಲ್ಲ ಎನ್ನುತ್ತಾನೆ. ಆಗ ಅವನಿಗೆ ಏನು ಹೇಳಿ ನಂಬಿಸುವುದು ಎಂಬುದೇ ಅವಳಿಗೆ ಉಳಿದ ಚಿಂತೆಯಾಯಿತು. ಅಡುಗೆ ಮಾಡುತ್ತ ಅದಕ್ಕೆ ಎರಡು ಮೂರು ಉತ್ತರಗಳನ್ನು ಹೊಂಚಿ ಇಟ್ಟುಕೊಂಡಳು.

ಗಂಡ ಡ್ಯೂಟಿ ಮುಗಿಸಿ ಬಂದ. ತಂಗಿ ಆಗಲೇ ಫೋನ್ ಮಾಡಿ ಎಲ್ಲ ಒಪ್ಪಿಸಿದ್ದಳೆಂದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಕೈಕಾಲು ತೊಳೆದು ಊಟಕ್ಕೆ ಕುಳಿತ. ಅವಳು ಬಡಿಸಿದಳು. ಅವನು ತಟ್ಟೆ ನೋಡುತ್ತ ಎರಡು ತುತ್ತು ತಿಂದ. ಆಮೇಲೆ ತಲೆಯೆತ್ತಿದ. ಬೈಗುಳವಿರಲಿಲ್ಲ, ದನಿಯೂ ಏರಿರಲಿಲ್ಲ.

"ಎಷ್ಟು ದಿನದಿಂದ ಕೀ ಹಾಕ್ತಿದ್ದೆ?" ಎಂದು ಕೇಳಿದ.

ಹಾಕಿದ್ದು ನಿಜವೇ ಎಂದು ಅವನು ಕೇಳಲಿಲ್ಲ. ಬಣ್ಣದಕ್ಕ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟಳು.

"ಆವತ್ತು ಒಂದೇ ದಿನ ರೀ," ಅಂದಳು.

"ಹೂಂ," ಎಂದು ಅವನು ಊಟ ಮುಂದುವರಿಸಿದ.